ರೇಡಿಯೋದ ಮುಂದೆ ಒಬ್ಬ ವಕೀಲ



ನಮ್ಮ ಪುರಾಣಗಳಲ್ಲಿ ಅಶರೀರವಾಣಿಯ ಪ್ರಸಂಗ ಅನೇಕ ಕಡೆ ಬರುತ್ತದೆ. ತಂಗಿಯಾದ ದೇವಕಿಯ ಮದುವೆಯ ದಿಬ್ಬಣದಲ್ಲಿ ಕಂಸನು ತಾನೇ ರಥವನ್ನು ನಡೆಸುತ್ತಿರುವಾಗ ಆಕಾಶದಿಂದ ಒಂದು ನುಡಿ ಕೇಳಿಬರುತ್ತದೆ. ನುಡಿದವರು ಯಾರೆಂದು ಕಾಣದು. ಆದರೂ ಕಂಸನಿಗೆ ಅದರಲ್ಲಿ ಲೇಶವೂ ಸಂಶಯವಿಲ್ಲ. ಕೂಡಲೆ ಕತ್ತಿಗೆ ಕೈಹಾಕುತ್ತಾನೆ. ಶರೀರವಿಲ್ಲದ ಮಾತು ಸುಳ್ಳಾಗಲಾರದೆಂಬುದು ನಮ್ಮ ಪೂರ್ವಿಕರ ಭಾವನೆ. ಸುಳ್ಳಾಡುವುದಕ್ಕೆ ನಾಲಗೆ ಬೇಕು, ನಾಲಗೆಯ ಹಿಂದೆ ಒಂದು ಆಸೆ ಬೇಕು. ಆಕಾಶಕ್ಕೆ ಅವೆರಡೂ ಇಲ್ಲವಷ್ಟೆ.

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ರೇಡಿಯೋ ನಿಲಯವು ‘ಆಕಾಶವಾಣಿ’ ಎಂಬ ಹೆಸರನ್ನು ಪಡೆಯಿತು. ಹೆಸರು ಬಹು ಸೊಗಸಾದುದು. ಆದರೆ ಅದರಲ್ಲಿ ಒಂದು ಅಪಾಯವೂ ಅಡಗಿದೆ. ಮನೆಯ ಮೂಲೆಯಲ್ಲಿರುವ ಪೆಟ್ಟಿಗೆಯೊಳಗಿಂದ ಬರುವ ಮಾತಿಗೆ ನಾಲಗೆಯೂ ಉಂಟು, ಆಸೆಯೂ ಉಂಟು. ಕಾಣದಿರುವುದು ಮುಖ ಮಾತ್ರ. ಕೇಳುವವನೋ ಕಂಸನಂತೆ ನಂಬುವುದಕ್ಕೆ ಸಿದ್ಧನಾಗಿ ಕುಳಿತಿರುತ್ತಾನೆ. ಹಾಗಾದರೆ ಮುಖವಿಲ್ಲದ ಮಾತನ್ನು ಯಾವ ಪ್ರಮಾಣದಿಂದ ಅಳೆಯಬೇಕು? ಈ ಪ್ರಶ್ನೆಯನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಇಂಗ್ಲೆಂಡಿನ ಒಬ್ಬ ವಕೀಲನ ಜೀವನ ನೆನಪಿಗೆ ಬರುತ್ತದೆ. ಆತನ ಹೆಸರು ನಾರ್ಮನ್ ಬರ್ಕೆಟ್. ನ್ಯಾಯಸ್ಥಾನದಲ್ಲಿ ಮಾತಿನಿಂದ ಬದುಕಿದವನು. ಯುದ್ಧಕಾಲದಲ್ಲಿ ರೇಡಿಯೋದಲ್ಲಿ ಹೆಸರನ್ನು ಮರೆಮಾಡಿಕೊಂಡು ಮಾತನಾಡಿದವನು. ಅನಂತರ ಜರ್ಮನಿಯ ರೇಡಿಯೋ ಭಾಷಣಕಾರನೊಬ್ಬನ ವಿಚಾರಣೆ ನಡೆದ ಪೀಠದಲ್ಲಿ ಕುಳಿತವನು. ಈ ಹೊತ್ತು ಆತನ ಕಥೆಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಬರ್ಕೆಟ್ಟನು 1883ರ ಸೆಪ್ಟೆಂಬರ್ 6ರಂದು ಇಂಗ್ಲೆಂಡಿನ ಉತ್ತರ ಭಾಗದ ಅಲ್ವರ್‌ಸ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದನು. ತಂದೆಗೆ ಬಟ್ಟೆಯಂಗಡಿ. ಮನೆತನದವರು ವೆಸ್ಲಿಯ ಪಂಥಕ್ಕೆ ಸೇರಿದ ಭಕ್ತರು. ಹುಡುಗನು ಕೆಲವು ಕಾಲ ತಂದೆಯ ಅಂಗಡಿಯಲ್ಲಿಯೇ ಕೆಲಸಮಾಡಿದನು. ಭಾನುವಾರಗಳಂದು ಸುತ್ತಣ ಹಳ್ಳಿಗಳ ಪ್ರಾರ್ಥನಾಮಂದಿರಗಳಲ್ಲಿ ಉಪದೇಶ ಮಾಡತೊಡಗಿದನು. ಅಂಗಡಿಯ ಕಟ್ಟೆ ಮತ್ತು ಉಪದೇಶದ ವೇದಿಕೆ, ಇವೆರಡೇ ಆತನ ಮೊದಲ ಪಾಠಶಾಲೆಗಳೆಂದು ಹೇಳಬಹುದು. ಗಿರಾಕಿಯ ಮನಸ್ಸನ್ನು ಅರಿಯದವನು ಬಟ್ಟೆ ಮಾರಲಾರ; ರೈತನ ಭಾಷೆಯನ್ನು ಅರಿಯದವನು ಧರ್ಮವನ್ನು ಬೋಧಿಸಲಾರ.

1907ರಲ್ಲಿ, ಸಾಮಾನ್ಯ ವಿದ್ಯಾರ್ಥಿಗಳು ಪದವಿಯನ್ನು ಮುಗಿಸಿ ಹೊರಡುವ ವಯಸ್ಸಿನಲ್ಲಿ, ಆತನು ಕೇಂಬ್ರಿಜ್ಜಿನ ಎಮ್ಯಾನ್ಯುಅಲ್ ಕಾಲೇಜನ್ನು ಸೇರಿದನು. ಉದ್ದೇಶವೇನೋ ಪಾದ್ರಿಯಾಗಬೇಕೆಂಬುದು. ಆದರೆ ವಿದ್ಯಾರ್ಥಿಗಳ ಚರ್ಚಾಸಂಘದಲ್ಲಿ ಆತನ ವಾಕ್ಚಾತುರ್ಯಕ್ಕೆ ಬಂದ ಪ್ರಸಿದ್ಧಿಯು ದಾರಿಯನ್ನು ಬದಲಾಯಿಸಿತು. 1910ರಲ್ಲಿ ಆ ಸಂಘದ ಅಧ್ಯಕ್ಷನಾದನು. 1913ರಲ್ಲಿ ಬ್ಯಾರಿಸ್ಟರಾಗಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವೃತ್ತಿಯನ್ನು ಆರಂಭಿಸಿದನು. 1920ರಲ್ಲಿ ಹಸುರು ಬೈಸಿಕಲ್ಲಿನ ಮೊಕದ್ದಮೆಯೆಂದು ಪ್ರಸಿದ್ಧವಾದ ಕೊಲೆಯ ವಿಚಾರಣೆಯಲ್ಲಿ ಸರ್ಕಾರದ ಪಕ್ಷದ ಕಿರಿಯ ವಕೀಲರಲ್ಲಿ ಒಬ್ಬನಾಗಿದ್ದನು. ಎದುರು ಪಕ್ಷದಲ್ಲಿದ್ದವನು ಆ ಕಾಲದ ಅತ್ಯಂತ ಪ್ರಖ್ಯಾತ ವಕೀಲನಾದ ಸರ್ ಎಡ್ವರ್ಡ್ ಮಾರ್ಷಲ್ ಹಾಲ್. ಆ ಮೊಕದ್ದಮೆಯಲ್ಲಿ ಮಾರ್ಷಲ್ ಹಾಲನೇ ಗೆದ್ದನು. ಗೆದ್ದವನು ಎದುರು ಪಕ್ಷದ ತರುಣನ ಸಾಮರ್ಥ್ಯವನ್ನು ಗುರುತಿಸಿ ಲಂಡನ್ನಿಗೆ ಬರಮಾಡಿಕೊಂಡನು. ನಾಲ್ಕೇ ವರ್ಷಗಳಲ್ಲಿ, ಎಂದರೆ 1924ರಲ್ಲಿ, ಬರ್ಕೆಟ್ಟನಿಗೆ ಕಿಂಗ್ಸ್ ಕೌನ್ಸಲ್ ಎಂಬ ಹಿರಿಯ ವಕೀಲರ ಪದವಿ ದೊರೆಯಿತು. ನಾಟಿಂಗ್‌ಹ್ಯಾಮಿನಿಂದ ಲಿಬರಲ್ ಪಕ್ಷದ ಸದಸ್ಯನಾಗಿ ಎರಡು ಬಾರಿ ಪಾರ್ಲಿಮೆಂಟಿಗೂ ಹೋಗಿಬಂದನು. ಆದರೆ ರಾಜಕೀಯದಲ್ಲಿ ಆತನ ಕೀರ್ತಿ ಬೆಳೆಯಲಿಲ್ಲ. ಆತನ ರಂಗಭೂಮಿ ನ್ಯಾಯಸ್ಥಾನವೇ.

ಗುರುವಿಗೂ ಶಿಷ್ಯನಿಗೂ ಇದ್ದ ಅಂತರವನ್ನು ಇಲ್ಲಿ ಹೇಳಬೇಕು. ಮಾರ್ಷಲ್ ಹಾಲನು ನಟನ ಜಾತಿಗೆ ಸೇರಿದವನು. ಎರಡು ಕೈಗಳನ್ನೂ ಚಾಚಿ ತಕ್ಕಡಿಯಂತೆ ತೂಗಿ, ಸಂಶಯವೆಂಬ ಒಂದು ಗುಲಗಂಜಿ ಆಪಾದಿತನ ಕಡೆಯ ತಟ್ಟೆಯನ್ನು ಹೇಗೆ ಇಳಿಸುತ್ತದೆಂಬುದನ್ನು ಜೂರಿಯವರಿಗೆ ಅಭಿನಯಿಸಿ ತೋರಿಸುತ್ತಿದ್ದನು. ಬರ್ಕೆಟ್ಟನ ರೀತಿ ಬೇರೆ. ಎತ್ತರವಾದ, ಸಣಕಲಾದ ಆಳು, ಕೆಂಗೂದಲು, ಕನ್ನಡಕ. ಮಾತಿನಲ್ಲಿ ಅಬ್ಬರವಿಲ್ಲ. ಹನ್ನೆರಡು ಜನ ಜೂರಿಯವರನ್ನು ಒಂದು ಸಭೆಯೆಂದು ಭಾವಿಸದೆ, ತನ್ನೊಡನೆ ಕುಳಿತು ಕಷ್ಟವಾದ ಲೆಕ್ಕವೊಂದನ್ನು ಬಿಡಿಸುತ್ತಿರುವ ಸ್ನೇಹಿತರೆಂದು ಭಾವಿಸಿದವನಂತೆ ಮಾತನಾಡುತ್ತಿದ್ದನು. ಈ ಗುಣವು ಮುಂದೆ ರೇಡಿಯೋದಲ್ಲಿ ಆತನಿಗೆ ಎಷ್ಟು ಉಪಯೋಗವಾಗಿರಬೇಕೆಂಬುದನ್ನು ಊಹಿಸಬಹುದು. ಮಾರ್ಷಲ್ ಹಾಲನ ತಕ್ಕಡಿ ರೇಡಿಯೋದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಆತನು ನಡೆಸಿದ ಮೊಕದ್ದಮೆಗಳನ್ನೆಲ್ಲ ಇಲ್ಲಿ ಎಣಿಸಲು ಕಾಲಾವಕಾಶ ಸಾಲದು. 1928ರಲ್ಲಿ ಗಂಡನಿಗೆ ಪಾಷಾಣವಿಟ್ಟಳೆಂಬ ಆರೋಪಕ್ಕೆ ಗುರಿಯಾಗಿದ್ದ ಬಿಯಾಟ್ರಿಸ್ ಪೇಸ್ ಎಂಬ ಬಡ ಹೆಂಗಸನ್ನು ಬಿಡಿಸಿದನು. 1936ರಲ್ಲಿ ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿ ಲ್ಯಾಂಕಾಸ್ಟರಿನಲ್ಲಿ ನೆಲಸಿದ್ದ ಡಾಕ್ಟರ್ ಬಕ್ ರಕ್ಸ್‌ಟನ್ನನ ಪರವಾಗಿ ವಾದಿಸಿ ಸೋತನು. ಅದೇ ವರ್ಷದ ಅಕ್ಟೋಬರಿನಲ್ಲಿ ಶ್ರೀಮತಿ ಸಿಂಪ್ಸನ್ನಳ ವಿವಾಹ ವಿಚ್ಛೇದನದ ಅರ್ಜಿಯನ್ನು ನಡೆಸಿ ಗೆದ್ದನು. ಆ ವಿಚ್ಛೇದನದ ಹಿಂದೆಯೇ ಎಂಟನೆಯ ಎಡ್ವರ್ಡನ ಸಿಂಹಾಸನತ್ಯಾಗ ನಡೆಯಿತೆಂಬುದನ್ನು ನೀವೆಲ್ಲರೂ ಬಲ್ಲಿರಿ. ಆದರೆ ನನ್ನ ವಿಷಯಕ್ಕೆ ಮುಖ್ಯವಾದುವು ಎರಡು ಮೊಕದ್ದಮೆಗಳು.

ಮೊದಲನೆಯದು 1931ರ ಜನವರಿಯಲ್ಲಿ ನಾರ್ತ್ಯಾಂಪ್‌ಟನ್ನಿನಲ್ಲಿ ನಡೆದುದು. ರೌಸ್ ಎಂಬುವನು ಅಪರಿಚಿತನೊಬ್ಬನನ್ನು ಮೋಟಾರಿನಲ್ಲಿ ಕೂರಿಸಿ ಬೆಂಕಿಯಿಟ್ಟನೆಂಬುದು ಆರೋಪ. ಬರ್ಕೆಟ್ಟನು ಸರ್ಕಾರದ ಪರ. ಪೆಟ್ರೋಲಿನ ಕೊಳವೆಯ ಹಿತ್ತಾಳೆಯ ತಿರುಪು ಸಡಿಲವಾಗಿದ್ದಿತು. ಅದನ್ನು ರೌಸನೇ ಸಡಿಲಿಸಿದನೆಂದು ಸರ್ಕಾರದ ವಾದ. ಬೆಂಕಿಯ ಕಾವಿನಿಂದ ತಾನಾಗಿ ಸಡಿಲವಾಯಿತೆಂದು ಪ್ರತಿಪಕ್ಷದ ಇಂಜಿನಿಯರ್ ಸಾಕ್ಷಿಯ ಹೇಳಿಕೆ. ಬರ್ಕೆಟ್ಟನು ಪಾಟೀಸವಾಲಿಗೆ ಎದ್ದವನು ಹಿತ್ತಾಳೆಯ ವ್ಯಾಕೋಚನದ ಪ್ರಮಾಣವೆಷ್ಟೆಂದು ಮೊದಲ ಪ್ರಶ್ನೆಯನ್ನೇ ಹಾಕಿದನು. ಸಾಕ್ಷಿಗೆ ಆ ಅಂಕೆ ನೆನಪಿರಲಿಲ್ಲ. ಪುಸ್ತಕವನ್ನು ನೋಡದೆ ಅದನ್ನು ಹೇಳಬಲ್ಲ ಇಂಜಿನಿಯರುಗಳು ಎಷ್ಟು ಮಂದಿಯೋ ನಾನರಿಯೆ. ಆದರೆ ಜೂರಿಯವರ ಕಣ್ಣಿನಲ್ಲಿ ಆತನ ಪಾಂಡಿತ್ಯ ಅಷ್ಟಕ್ಕೇ ಕುಸಿಯಿತು. ರೌಸನಿಗೆ ಗಲ್ಲಾಯಿತು. ಅವನು ಅಪರಾಧಿಯೇ ಎಂಬುದು ಬೇರೆ ವಿಷಯ. ಆ ಪ್ರಶ್ನೆಯು ನಿಜವನ್ನು ಹುಡುಕುವ ಪ್ರಶ್ನೆಯೋ ಸಾಕ್ಷಿಯನ್ನು ಬೀಳಿಸುವ ಪ್ರಶ್ನೆಯೋ ಎಂದು ವಕೀಲರು ಇಂದಿಗೂ ಚರ್ಚಿಸುತ್ತಾರೆ.

ಎರಡನೆಯದು 1934ರ ಡಿಸೆಂಬರಿನಲ್ಲಿ ಲೂಯಿಸ್ ಎಂಬ ಊರಿನಲ್ಲಿ ನಡೆದುದು. ಬ್ರೈಟನ್ ನಗರದಲ್ಲಿ ಟೋನಿ ಮ್ಯಾನ್ಸೀನಿ ಎಂಬುವನ ಪೆಟ್ಟಿಗೆಯಲ್ಲಿ ಅವನೊಡನೆ ವಾಸವಾಗಿದ್ದ ಹೆಂಗಸಿನ ಶವ ದೊರೆತಿದ್ದಿತು. ಅವನು ಶವವನ್ನು ಬಚ್ಚಿಟ್ಟುಕೊಂಡಿದ್ದನು, ಸುಳ್ಳು ಹೇಳಿದ್ದನು, ಓಡಿಹೋಗಿದ್ದನು. ಅವನು ಉಳಿಯುವನೆಂದು ಯಾರೂ ಎಣಿಸಿರಲಿಲ್ಲ. ಬರ್ಕೆಟ್ಟನು ಸಾಕ್ಷ್ಯದ ಎಳೆಯೊಂದೊಂದನ್ನೂ ಬಿಡಿಸಿ, ಇದರಲ್ಲಿ ಕೊಲೆಯೇ ನಡೆಯಿತೆಂದು ನಿಶ್ಚಯವಾಗಿ ಹೇಳುವುದು ಸಾಧ್ಯವೇ ಎಂದು ಜೂರಿಯವರನ್ನು ಕೇಳಿದನು. ಜೂರಿಯವರು ನಿರಪರಾಧಿಯೆಂದು ತೀರ್ಪಿತ್ತರು. ಇಂಗ್ಲೆಂಡಿನ ವಕೀಲಿಯ ಚರಿತ್ರೆಯಲ್ಲಿ ಇದೊಂದು ವಿಜಯಸ್ತಂಭವೆಂದು ಎಲ್ಲರೂ ಕೊಂಡಾಡಿದರು. ನಲವತ್ತೆರಡು ವರ್ಷಗಳ ತರುವಾಯ, 1976ರಲ್ಲಿ, ಮ್ಯಾನ್ಸೀನಿಯು ಒಂದು ವೃತ್ತಪತ್ರಿಕೆಗೆ ತಾನೇ ಆಕೆಯನ್ನು ಕೊಂದುದಾಗಿ ಹೇಳಿದನು. ಬರ್ಕೆಟ್ಟನು ಅಷ್ಟುಹೊತ್ತಿಗೆ ಕಾಲವಾಗಿ ಹದಿನಾಲ್ಕು ವರ್ಷಗಳಾಗಿದ್ದುವು.

ಇದನ್ನು ಕೇಳಿದ ಕೂಡಲೆ, ಮಾತಿನ ಬಲದಿಂದ ಸುಳ್ಳನ್ನು ಗೆಲ್ಲಿಸಿದವನು ಎಂದು ಬರ್ಕೆಟ್ಟನನ್ನು ದೂಷಿಸಲು ಮನಸ್ಸು ಎಳೆಯುತ್ತದೆ. ಸ್ವಲ್ಪ ತಡೆದು ಯೋಚಿಸೋಣ. ಆ ದಿನ ನ್ಯಾಯಸ್ಥಾನದಲ್ಲಿ ಇದ್ದುದು ಆತನ ಧ್ವನಿಯೊಂದೇ ಅಲ್ಲ. ಎದುರಿಗೆ ಸರ್ಕಾರದ ವಕೀಲರಿದ್ದರು. ಆತನ ಪ್ರತಿಯೊಂದು ಮಾತಿಗೂ ಉತ್ತರ ಹೇಳುವ ಅಧಿಕಾರ ಅವರಿಗೆ ಇದ್ದಿತು. ಮೇಲೆ ನ್ಯಾಯಾಧೀಶನಿದ್ದನು, ವಾದದ ಹದ್ದನ್ನು ಕಾಯುವುದು ಆತನ ಕರ್ತವ್ಯ. ಪಕ್ಕದಲ್ಲಿ ಜೂರಿಯವರಿದ್ದರು, ಅವರು ಎರಡು ಪಕ್ಷಗಳನ್ನೂ ಕೇಳದೆ ಬಾಯಿ ತೆರೆಯುವಂತಿರಲಿಲ್ಲ. ವಕೀಲನು ಒಂದು ಪಕ್ಷದವನೆಂಬುದು ಅಲ್ಲಿದ್ದವರಿಗೆಲ್ಲ ತಿಳಿದೇ ಇದ್ದಿತು. ಅದನ್ನು ಆತನ ನಿಲುವಂಗಿಯೇ ಸಾರುತ್ತಿದ್ದಿತು. ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ತಪ್ಪು ನಡೆಯಿತು. ಹಾಗಿರುವಲ್ಲಿ, ಎದುರು ವಕೀಲನಿಲ್ಲದ, ನ್ಯಾಯಾಧೀಶನಿಲ್ಲದ, ಮಾತನಾಡುವವನು ಯಾರ ಪಕ್ಷದವನೆಂಬುದು ತಿಳಿಯದ ಸ್ಥಳವೊಂದು ಇದ್ದರೆ ಅಲ್ಲಿ ಮಾತಿನ ಗತಿ ಏನಾಗಬೇಕು? ರೇಡಿಯೋ ಎಂಬುದು ಅಂಥ ಸ್ಥಳ. 1939ರಲ್ಲಿ ಯುದ್ಧ ಆರಂಭವಾದಾಗ ಇದು ಇಂಗ್ಲೆಂಡಿನವರ ಅನುಭವಕ್ಕೆ ಬಂದಿತು.

ಆಗ ಬ್ರಿಟನ್ನಿನಲ್ಲಿ ಸುಮಾರು 90 ಲಕ್ಷ ರೇಡಿಯೋ ಲೈಸೆನ್ಸುಗಳಿದ್ದುವು. ರಾತ್ರಿ ದೀಪಗಳನ್ನು ಮರೆಮಾಡಿದ ಮನೆಗಳಲ್ಲಿ ಜನ ಒಂಬತ್ತು ಗಂಟೆಯ ಬಿ.ಬಿ.ಸಿ. ವಾರ್ತೆಯನ್ನು ಕೇಳಿ, ಅದು ಮುಗಿದೊಡನೆ ಮುಳ್ಳನ್ನು ಹ್ಯಾಂಬರ್ಗಿನ ಕಡೆಗೆ ತಿರುಗಿಸುತ್ತಿದ್ದರು. ಅಲ್ಲಿಂದ ಮೂಗಿನಿಂದ ಹೊರಡುವ, ಅಣಕದ ರುಚಿಯುಳ್ಳ ಒಂದು ಇಂಗ್ಲಿಷ್ ಧ್ವನಿ ಬರುತ್ತಿದ್ದಿತು. ಪತ್ರಿಕೆಯವನೊಬ್ಬನು ಜರ್ಮನ್ ರೇಡಿಯೋದ ಇಂಥ ಧ್ವನಿಗೆ ‘ಲಾರ್ಡ್ ಹಾ ಹಾ’ ಎಂದು ಅಡ್ಡಹೆಸರಿಟ್ಟನು. ಆ ಹೆಸರು ಮೊದಲು ಬೇರೊಬ್ಬನಿಗೆ ಇಟ್ಟುದಾದರೂ ಕೊನೆಗೆ ಅಂಟಿಕೊಂಡುದು ವಿಲಿಯಂ ಜಾಯ್ಸ್ ಎಂಬುವನಿಗೆ. ಈತನು ನ್ಯೂಯಾರ್ಕಿನಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಲಂಡನ್ನಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ವರ್ಗದ ಪದವಿಯನ್ನು ಪಡೆದವನು. ಆಸ್ವಲ್ಡ್ ಮೋಸ್ಲಿಯ ಫ್ಯಾಸಿಸ್ಟ್ ಪಕ್ಷದಲ್ಲಿ ಪ್ರಚಾರಕನಾಗಿದ್ದು, ಯುದ್ಧಕ್ಕೆ ಮುನ್ನ ಬರ್ಲಿನ್ನಿಗೆ ಓಡಿಹೋದವನು. ಸಾಹಿತ್ಯದ ಪಾಠ ಹೇಳುವ ನಮ್ಮಂಥವರು ಅವನ ಪದವಿಯನ್ನು ಕುರಿತು ಒಂದು ಕ್ಷಣ ಯೋಚಿಸಬೇಕು. ಒಳ್ಳೆಯ ಭಾಷೆ ಬಂದ ಮಾತ್ರಕ್ಕೆ ಒಳ್ಳೆಯ ಮಾತು ಬರುವುದಿಲ್ಲ.

1940ರ ಆದಿಯಲ್ಲಿ ಬಿ.ಬಿ.ಸಿ.ಯವರು ವಿಚಾರಮಾಡಿದಾಗ, ಬ್ರಿಟನ್ನಿನಲ್ಲಿ ಸುಮಾರು 60 ಲಕ್ಷ ಜನ ಈ ಧ್ವನಿಯನ್ನು ನಿತ್ಯವೂ, 1 ಕೋಟಿ 80 ಲಕ್ಷ ಜನ ಆಗಾಗ್ಗೆಯೂ ಕೇಳುತ್ತಿರುವರೆಂದು ಅಂದಾಜಾಯಿತು. ಬಹು ಮಂದಿ ನಗುವುದಕ್ಕಾಗಿ ಕೇಳುತ್ತಿದ್ದರು. ಆದರೆ ನಗುತ್ತ ಕೇಳಿದ ಮಾತೂ ಮನಸ್ಸಿನಲ್ಲಿ ಉಳಿಯುತ್ತದೆ. ಅವನು ಆಡದೆ ಇದ್ದ ಮಾತುಗಳೂ ಅವನ ಹೆಸರಿನಲ್ಲಿ ಹಬ್ಬತೊಡಗಿದುವು. ನಮ್ಮ ಊರಿನ ಗಡಿಯಾರ ಇಷ್ಟು ನಿಮಿಷ ಹಿಂದಿದೆಯೆಂದು ನಿನ್ನೆ ರಾತ್ರಿ ಅವನು ಹೇಳಿದನಂತೆ ಎಂದು ಊರೂರಿನಲ್ಲಿಯೂ ಸುದ್ದಿ. ಕೇಳಿದವರನ್ನು ಹುಡುಕಿಕೊಂಡು ಹೋದರೆ ಯಾರೂ ತಾವು ಕೇಳಿದೆವೆನ್ನುವುದಿಲ್ಲ. ಪಕ್ಕದ ಮನೆಯವರು ಕೇಳಿದರಂತೆ! ಅಶರೀರವಾಣಿಗೆ ಸರ್ವಜ್ಞತ್ವವನ್ನು ಆರೋಪಿಸುವ ಚಪಲ ನಮ್ಮ ಪುರಾಣಗಳ ಕಾಲಕ್ಕೆ ಮಾತ್ರ ಸೇರಿದುದಲ್ಲ.

ಇದಕ್ಕೆ ಪ್ರತಿಯಾಗಿ ಮಾತನಾಡಲು ಬಿ.ಬಿ.ಸಿ.ಗೆ ಬಂದವನು ಬರ್ಕೆಟ್ಟನು. 1940ರ ಫೆಬ್ರವರಿ ತಿಂಗಳಿಂದ ‘ವಾರಕ್ಕೊಂದು ಬಾರಿ’ ಎಂಬ ಹೆಸರಿನಲ್ಲಿ ಆತನ ಭಾಷಣಗಳು ಆರಂಭವಾದುವು. ದೇಶದಲ್ಲೆಲ್ಲ ಪ್ರಸಿದ್ಧನಾದ ವಕೀಲನು ತನ್ನ ಹೆಸರನ್ನು ಹೇಳಲಿಲ್ಲ. ‘ಆನ್‌ಲುಕರ್’, ಎಂದರೆ ಪಕ್ಕದಲ್ಲಿ ನಿಂತು ನೋಡುವವನು, ಎಂಬ ಅಂಕಿತವನ್ನು ಇಟ್ಟುಕೊಂಡನು. ಜರ್ಮನಿಯ ಪ್ರಚಾರದ ಮಾತುಗಳನ್ನು ತೆಗೆದುಕೊಂಡು, ನ್ಯಾಯಸ್ಥಾನದಲ್ಲಿ ಸಾಕ್ಷಿಯ ಹೇಳಿಕೆಯನ್ನು ಪರೀಕ್ಷಿಸುವವನಂತೆ ಅವುಗಳ ಸತ್ಯಾಸತ್ಯವನ್ನು ಶೋಧಿಸುವುದು ಆತನ ಕೆಲಸ. ಒಂದು ಅರ್ಥದಲ್ಲಿ, ರೇಡಿಯೋ ಪ್ರಪಂಚದಲ್ಲಿ ಇಲ್ಲದೆ ಇದ್ದ ಎದುರು ವಕೀಲನ ಸ್ಥಾನವನ್ನು ಆತನು ತುಂಬಿದನು. ಅಲ್ಲಿಯವರೆಗೆ ಜಾಯ್ಸನ ಮಾತಿಗೆ ಪಾಟೀಸವಾಲು ಇರಲಿಲ್ಲ. ಈಗ ಉಂಟಾಯಿತು.

ರೇಡಿಯೋ ಯಂತ್ರದ ಮುಂದೆ ಕುಳಿತ ಅನುಭವ ಸ್ವಲ್ಪಮಟ್ಟಿಗೆ ನನಗೂ ಇರುವುದರಿಂದ, ಬರ್ಕೆಟ್ಟನಂಥವನಿಗೆ ಅದು ಎಷ್ಟು ಕಷ್ಟವಾಗಿರಬೇಕೆಂದು ಊಹಿಸಬಲ್ಲೆ. ತರಗತಿಯಲ್ಲಿ ಪಾಠ ಹೇಳುವವನಿಗೆ ಎದುರಿಗಿರುವ ಹುಡುಗರ ಮುಖಗಳೇ ಗಡಿಯಾರ. ಹಿಂದಿನ ಬೆಂಚಿನವನು ಕಿಟಕಿಯ ಕಡೆ ನೋಡಿದನೆಂದರೆ ಮಾತನ್ನು ಬದಲಾಯಿಸಬೇಕೆಂದು ತಿಳಿಯುತ್ತದೆ. ಬರ್ಕೆಟ್ಟನು ಸುಮಾರು ಮೂವತ್ತು ವರ್ಷಗಳ ಕಾಲ ಜೂರಿಯವರ ಹುಬ್ಬಿನ ಚಲನೆಯನ್ನು ನೋಡಿಕೊಂಡು ಮಾತನ್ನು ನಡೆಸಿದವನು. ರೇಡಿಯೋ ಕೊಠಡಿಯಲ್ಲಿ ಒಂದು ಮೇಜು, ಒಂದು ದೀಪ, ಒಂದು ಯಂತ್ರ. ಜೂರಿಯವರು ಲಕ್ಷೋಪಲಕ್ಷ ಮಂದಿ. ಒಬ್ಬರ ಹುಬ್ಬೂ ಕಾಣದು. ಅಲ್ಲಿ ಮಾತನಾಡುವವನನ್ನು ತಡೆಯತಕ್ಕುದು ಅವನ ಅಂತಃಕರಣವೊಂದೇ.

ಇನ್ನು ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ತನ್ನನ್ನು ಬರಿಯ ಪ್ರೇಕ್ಷಕನೆಂದು ಕರೆದುಕೊಂಡ ಈತನು ನಿಜವಾಗಿ ಪ್ರೇಕ್ಷಕನಾಗಿರಲಿಲ್ಲ. ಅದೇ ಕಾಲದಲ್ಲಿ ಆತನು ಸರ್ಕಾರವು ನೇಮಿಸಿದ ಒಂದು ಸಲಹಾ ಸಮಿತಿಯ ಅಧ್ಯಕ್ಷನಾಗಿದ್ದನು. ಯುದ್ಧಕಾಲದ ಕಾಯಿದೆಗಳಲ್ಲಿ 18 ಬಿ ಎಂಬುದೊಂದು. ದೇಶಕ್ಕೆ ಅಪಾಯಕಾರಿಯೆಂದು ತೋರಿದ ಯಾರನ್ನಾದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರವನ್ನು ಅದು ಗೃಹಮಂತ್ರಿಗೆ ಕೊಟ್ಟಿತ್ತು. 1940ರ ಬೇಸಗೆಯಲ್ಲಿ ಹಾಗೆ ಬಂಧಿತರಾಗಿದ್ದವರು ಸಾವಿರಕ್ಕೂ ಮಿಕ್ಕಿದ್ದರು. ಅವರು ಮಾಡಿಕೊಳ್ಳುವ ಅರಿಕೆಗಳನ್ನು ಕೇಳಿ ಸರ್ಕಾರಕ್ಕೆ ಸಲಹೆ ಕೊಡುವುದು ಆ ಸಮಿತಿಯ ಕೆಲಸ. ಬಂಧಿತನು ಅದರ ಮುಂದೆ ವಕೀಲನನ್ನು ಕರೆತರುವಂತಿರಲಿಲ್ಲ. ತನ್ನ ಮೇಲಿನ ಸಾಕ್ಷ್ಯವನ್ನೆಲ್ಲ ನೋಡುವಂತಿರಲಿಲ್ಲ. ಸಮಿತಿಯು ಬಿಡುಗಡೆಯಾಗಲೆಂದು ಹೇಳಿದರೂ ಗೃಹಮಂತ್ರಿಯು ಒಪ್ಪಬೇಕಾದ ನಿರ್ಬಂಧವಿರಲಿಲ್ಲ. ಜುಲೈ ತಿಂಗಳಲ್ಲಿ ಜಾಯ್ಸನ ಹಳೆಯ ನಾಯಕನಾದ ಮೋಸ್ಲಿಯೇ ಬಂಧಿತನಾಗಿ ಬರ್ಕೆಟ್ಟನ ಮುಂದೆ ಬಂದು ಕುಳಿತನು.

ಈ ಚಿತ್ರವನ್ನು ಸ್ವಲ್ಪ ಮನಸ್ಸಿನ ಮುಂದೆ ತಂದುಕೊಳ್ಳಿ. ಇಂಗ್ಲೆಂಡಿನ ಅತ್ಯುತ್ತಮ ವಕೀಲನು ವಕೀಲರಿಲ್ಲದ ಜನರ ಮಾತನ್ನು ಹಗಲೆಲ್ಲ ಕೇಳುತ್ತಾನೆ. ಅದೇ ವರ್ಷ, ಅದೇ ವಕೀಲನು ಉತ್ತರ ಕೊಡಲಾರದ ಕೋಟ್ಯಂತರ ಜನರನ್ನು ಕುರಿತು ರಾತ್ರಿ ಮಾತನಾಡುತ್ತಾನೆ. ಕೊಲೆಗಾರನಿಗೂ ವಕೀಲನಿರಬೇಕೆಂಬುದು ಆತನ ವೃತ್ತಿಯ ಮೊದಲ ಸೂತ್ರ. ಮ್ಯಾನ್ಸೀನಿಗೆ ದೊರೆತ ಆ ಸೌಕರ್ಯ 18 ಬಿ ಬಂಧಿತನಿಗೆ ದೊರೆಯಲಿಲ್ಲ. ದೇಶವು ಪ್ರಾಣಸಂಕಟದಲ್ಲಿದ್ದಾಗ ಇದು ಅನಿವಾರ್ಯವೆಂದು ಸರ್ಕಾರ ಹೇಳಿತು, ಅದರಲ್ಲಿ ನಿಜವಿಲ್ಲದಿಲ್ಲ. ಬರ್ಕೆಟ್ಟನು ಸಮಿತಿಯಲ್ಲಿ ಬಂಧಿತರ ಮಾತಿಗೆ ಕಿವಿಗೊಟ್ಟನು. ಅನೇಕರ ಬಿಡುಗಡೆಗೆ ಶಿಫಾರಸು ಮಾಡಿದನು. ಆದರೂ ಎದುರು ಮಾತಿಲ್ಲದ ಅಧಿಕಾರ ಎಷ್ಟು ಸುಲಭವಾಗಿ ಬೆಳೆಯಬಲ್ಲುದೆಂಬುದಕ್ಕೆ ಇದು ನಿದರ್ಶನವೇ ಸರಿ. 1941ರ ನವೆಂಬರಿನಲ್ಲಿ ಇದೇ 18 ಬಿ ಕಾಯಿದೆಯ ಪ್ರಶ್ನೆ ಪ್ರಭುಸಭೆಯ ನ್ಯಾಯಪೀಠಕ್ಕೆ ಹೋದಾಗ, ಐವರಲ್ಲಿ ಲಾರ್ಡ್ ಆಟ್ಕಿನ್ ಒಬ್ಬನೇ ಗೃಹಮಂತ್ರಿಯು ತನ್ನ ಕಾರಣಗಳನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಬೇಕೆಂದನು. ಬಹುಮತ ಆತನ ಕಡೆಗೆ ಇರಲಿಲ್ಲ. ಕಾಲಕ್ರಮದಲ್ಲಿ ನ್ಯಾಯಶಾಸ್ತ್ರಜ್ಞರ ಮನ್ನಣೆ ದೊರೆತುದು ಆತನ ಮಾತಿಗೇ. ಬರ್ಕೆಟ್ಟನಿಗೆ ಆ ವರ್ಷ ಸರ್ ಪದವಿ ಬಂದಿತು. ವರ್ಷದ ಕೊನೆಯಲ್ಲಿ ಹೈಕೋರ್ಟಿನ ನ್ಯಾಯಾಧೀಶನೂ ಆದನು.

ನ್ಯಾಯಾಧೀಶನಾದವನಿಗೆ ಮೌನವೇ ಧರ್ಮ. ವಕೀಲನಾಗಿ ಬೆಳೆದವನಿಗೆ ಇದು ಕಷ್ಟವಾದ ತಪಸ್ಸು. ಇದರ ಕಹಿಯನ್ನು ಬರ್ಕೆಟ್ಟನು ಪೂರ್ಣವಾಗಿ ಉಂಡುದು ನ್ಯೂರೆಂಬರ್ಗಿನಲ್ಲಿ.

ಅಲ್ಲಿಗೆ ಹೋಗುವ ಮುನ್ನ ಜಾಯ್ಸನ ಕಥೆಯನ್ನು ಮುಗಿಸೋಣ. 1945ರ ಏಪ್ರಿಲ್ 30ರಂದು ಅವನು ಕುಡಿದು ತೊದಲುತ್ತ ಕೊನೆಯ ಭಾಷಣವನ್ನು ಮಾಡಿದನು. ಮೇ 28ರಂದು, ಡೆನ್ಮಾರ್ಕಿನ ಗಡಿಯ ಬಳಿ ಕಾಡಿನಲ್ಲಿ ಸೌದೆ ಆರಿಸುತ್ತಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳೊಡನೆ ತಾನಾಗಿಯೇ ಮಾತಿಗೆ ತೊಡಗಿದನು. ಹರಕು ಬಟ್ಟೆಯ ಆ ಮನುಷ್ಯನ ಮುಖ ಅವರಿಗೆ ಅಪರಿಚಿತ. ಧ್ವನಿ ಮಾತ್ರ ಚಿರಪರಿಚಿತ. ಧ್ವನಿಯೇ ಅವನನ್ನು ಹಿಡಿದುಕೊಟ್ಟಿತು. ಅವನು ಹುಟ್ಟಿನಿಂದ ಅಮೆರಿಕದ ಪ್ರಜೆ. ಇಂಗ್ಲೆಂಡಿಗೆ ದ್ರೋಹಿಯಾಗುವುದು ಹೇಗೆ ಎಂಬ ಪ್ರಶ್ನೆ ಬಂದಿತು. ಸುಳ್ಳು ಹೇಳಿ ಪಡೆದಿದ್ದ ಬ್ರಿಟಿಷ್ ಪಾಸ್‌ಪೋರ್ಟಿನ ಅವಧಿ 1940ರ ಜುಲೈ 2ರವರೆಗೆ ಇದ್ದುದರಿಂದ ಅಲ್ಲಿಯವರೆಗಿನ ಭಾಷಣಗಳಿಗೆ ಮಾತ್ರ ಅವನನ್ನು ಹೊಣೆಯಾಗಿಸಿದರು. ಬರ್ಕೆಟ್ಟನು ಅವನಿಗೆ ಉತ್ತರ ಹೇಳತೊಡಗಿದುದು ಆ ಅವಧಿಯೊಳಗಾಗಿಯೇ. ಜಾಯ್ಸನಿಗೂ ವಕೀಲರಿದ್ದರು, ಪ್ರಭುಸಭೆಯವರೆಗೆ ಅಪೀಲು ಹೋಯಿತು. 1946ರ ಜನವರಿ 3ರಂದು ಗಲ್ಲಾಯಿತು.

ಆ ವೇಳೆಗೆ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆ ನಡೆಯುತ್ತಿದ್ದಿತು. ನಾಲ್ಕು ರಾಷ್ಟ್ರಗಳಿಂದ ಒಬ್ಬೊಬ್ಬ ನ್ಯಾಯಾಧೀಶ, ಒಬ್ಬೊಬ್ಬ ಉಪನ್ಯಾಯಾಧೀಶ. ಬ್ರಿಟನ್ನಿನ ಮುಖ್ಯಸ್ಥಾನವನ್ನು ಮೊದಲು ಬರ್ಕೆಟ್ಟನಿಗೆ ಸೂಚಿಸಿ, ಅನಂತರ ಪದವಿಯಲ್ಲಿ ಹಿರಿಯನಾದವನು ಬೇಕೆಂದು ಜೆಫ್ರಿ ಲಾರೆನ್ಸನಿಗೆ ಕೊಟ್ಟರು. ಬರ್ಕೆಟ್ಟನು ಉಪನ್ಯಾಯಾಧೀಶನಾಗಿ ಹೋದನು. ಉಪನ್ಯಾಯಾಧೀಶನು ಸಮಾಲೋಚನೆಯಲ್ಲಿ ಮಾತನಾಡಬಹುದು, ಮತ ಕೊಡುವಂತಿಲ್ಲ. 1945ರ ನವೆಂಬರ್ 20ರಿಂದ 1946ರ ಅಕ್ಟೋಬರ್ 1ರವರೆಗೆ 403 ಬಹಿರಂಗ ಅಧಿವೇಶನಗಳು ನಡೆದುವು. ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ಎಂಬ ನಾಲ್ಕು ಭಾಷೆಗಳಲ್ಲಿ ಭಾಷಾಂತರವು ತಂತಿಯ ಮೂಲಕ ಕಿವಿಯ ಯಂತ್ರಕ್ಕೆ ಬರುತ್ತಿದ್ದಿತು. ಮಾತು ಅತಿವೇಗವಾದರೆ ಹಳದಿ ದೀಪ, ನಿಲ್ಲಿಸಬೇಕಾದರೆ ಕೆಂಪು ದೀಪ. ಲಕ್ಷಾಂತರ ಜನರ ಕಿವಿಗೆ ಮಾತನಾಡಿದ್ದವನು ಈಗ ಕಿವಿಗೆ ಯಂತ್ರವನ್ನು ತಗುಲಿಸಿಕೊಂಡು ತಿಂಗಳಾನುಗಟ್ಟಲೆ ಕೇಳುತ್ತ ಕುಳಿತನು. ಆ ಭಾಷಾಂತರಗಳ ಇಂಗ್ಲಿಷನ್ನು ಕುರಿತು ತನ್ನ ಟಿಪ್ಪಣಿಗಳಲ್ಲಿ ಬೇಸರವನ್ನು ಬರೆದುಕೊಂಡನು. ಆದರೂ ತೀರ್ಪಿನ ಬರೆವಣಿಗೆಯಲ್ಲಿ ಬಹುಭಾಗ ಆತನ ಕೈವಾಡವೇ. ಮತವಿಲ್ಲದವನ ಮಾತು ಹೀಗೆ ತೀರ್ಪಿನಲ್ಲಿ ಸೇರಿಕೊಂಡಿತು.

ಆಪಾದಿತರ ಸಾಲಿನ ಕೊನೆಯಲ್ಲಿ ಹಾನ್ಸ್ ಫ್ರಿಟ್ಶೆ ಎಂಬುವನು ಕುಳಿತಿದ್ದನು. ಈತನು ಜರ್ಮನಿಯ ಪ್ರಚಾರಶಾಖೆಯಲ್ಲಿ ರೇಡಿಯೋ ವಿಭಾಗದ ಮುಖ್ಯಸ್ಥನಾಗಿದ್ದವನು. ತನ್ನ ಹೆಸರನ್ನು ಹೇಳಿಕೊಂಡೇ ವಾರವಾರವೂ ರೇಡಿಯೋದಲ್ಲಿ ಮಾತನಾಡಿದವನು. ಆತನ ಒಡೆಯನಾದ ಗೋಬೆಲ್ಸನು ಆತ್ಮಹತ್ಯೆ ಮಾಡಿಕೊಂಡಿದ್ದುದರಿಂದ, ಆ ಧ್ವನಿಯ ಪಾಪಕ್ಕೆಲ್ಲ ಇವನನ್ನು ಉತ್ತರವಾದಿಯನ್ನಾಗಿ ತಂದು ಕೂರಿಸಿದ್ದರು. ತೀರ್ಪೇನು? ಇವನು ಕಟುವಾದ ಮಾತುಗಳನ್ನು ಆಡಿದುದು ನಿಜ. ಯೆಹೂದ್ಯರ ಮೇಲೆ ದ್ವೇಷವನ್ನು ನುಡಿದುದು ನಿಜ. ಕೆಲವು ಸಲ ಸುಳ್ಳು ಸುದ್ದಿಯನ್ನು ಹರಡಿದುದೂ ನಿಜ. ಆದರೆ ಜನರನ್ನು ಘೋರಕೃತ್ಯಗಳಿಗೆ ಪ್ರೇರಿಸುವುದೇ ಇವನ ಉದ್ದೇಶವಾಗಿತ್ತೆಂದು ಸಿದ್ಧಪಟ್ಟಿಲ್ಲ. ಆದಕಾರಣ ಬಿಡುಗಡೆ. ರಷ್ಯದ ನ್ಯಾಯಾಧೀಶನು ಮಾತ್ರ ಇದಕ್ಕೆ ಒಪ್ಪದೆ ಭಿನ್ನಾಭಿಪ್ರಾಯವನ್ನು ಬರೆದನು. ಪತ್ರಿಕೆಯ ಮೂಲಕ ಯೆಹೂದ್ಯರ ಸಂಹಾರಕ್ಕೆ ಕರೆಕೊಟ್ಟಿದ್ದ ಸ್ಟ್ರೈಖರನಿಗಾದರೋ ಅದೇ ಪೀಠವು ಗಲ್ಲಿನ ಶಿಕ್ಷೆಯನ್ನು ವಿಧಿಸಿತು. ಫ್ರಿಟ್ಶೆಯನ್ನು ಮರುವರ್ಷ ಜರ್ಮನಿಯ ನ್ಯಾಯಸ್ಥಾನವೊಂದು ಮತ್ತೆ ವಿಚಾರಿಸಿ ಸೆರೆಗೆ ಕಳುಹಿಸಿತು; 1950ರಲ್ಲಿ ಬಿಡುಗಡೆಯಾಗಿ 1953ರಲ್ಲಿ ಸತ್ತನು.

ಈ ತೀರ್ಪು ಸರಿಯೇ ತಪ್ಪೇ ಎಂಬುದನ್ನು ನಾನು ಇಲ್ಲಿ ನಿರ್ಣಯಿಸಲಾರೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೊಂದು ವಿಷಯ. ಹನ್ನೆರಡು ವರ್ಷಗಳ ಕಾಲ ಜರ್ಮನಿಯಲ್ಲಿ ಎದುರು ಧ್ವನಿಯೆಂಬುದನ್ನೇ ಅಡಗಿಸಿದವರ ಪರವಾಗಿ ಆ ಮಂದಿರದಲ್ಲಿ ವಕೀಲರು ನಿಂತು ವಾದಿಸಿದರು. ಪರದೇಶದ ರೇಡಿಯೋವನ್ನು ಕೇಳಿದ ತಪ್ಪಿಗೆ ಸ್ವಂತ ಪ್ರಜೆಗಳನ್ನು ಸೆರೆಗೆ ಹಾಕಿದ ರಾಜ್ಯದ ಭಾಷಣಕಾರನನ್ನು ಕೊನೆಗೆ ಉಳಿಸಿದುದು ಎದುರು ಮಾತಿಗೆ ಅವಕಾಶವಿತ್ತ ನ್ಯಾಯಪದ್ಧತಿಯೇ.

ನ್ಯೂರೆಂಬರ್ಗಿನಿಂದ ಹಿಂದಿರುಗಿದ ಲಾರೆನ್ಸನಿಗೆ ಪ್ರಭುಪದವಿ ಬಂದಿತು. ಬರ್ಕೆಟ್ಟನಿಗೆ ಅಂಥ ಗೌರವ ಬರಲಿಲ್ಲ. ಇದರಿಂದ ಆತನು ನೊಂದುಕೊಂಡನು. 1950ರಲ್ಲಿ ಅಪೀಲು ನ್ಯಾಯಾಧೀಶನಾಗಿ, ಕೆಲವು ವರ್ಷಗಳ ಮೇಲೆ ನಿವೃತ್ತನಾದನು. 1957ರಲ್ಲಿ ಸರ್ಕಾರವು ಆತನಿಗೆ ವಿಚಿತ್ರವಾದ ಒಂದು ಕೆಲಸವನ್ನು ಒಪ್ಪಿಸಿತು. ವಕೀಲನೊಬ್ಬನ ಟೆಲಿಫೋನ್ ಸಂಭಾಷಣೆಯನ್ನು ಅಧಿಕಾರಿಗಳು ಕದ್ದು ಕೇಳಿದ ಸಂಗತಿ ಬಯಲಾಗಿದ್ದಿತು. ಹೀಗೆ ಕೇಳುವ ಅಧಿಕಾರ ಯಾವುದು, ಅದರ ಹದ್ದು ಯಾವುದು ಎಂದು ವಿಚಾರಿಸುವ ಸಮಿತಿಗೆ ಬರ್ಕೆಟ್ಟನು ಅಧ್ಯಕ್ಷನಾದನು. ಹೇಳುವವನ ನ್ಯಾಯವನ್ನು ಜೀವಮಾನವೆಲ್ಲ ಅಭ್ಯಾಸಮಾಡಿದವನಿಗೆ ಕೇಳುವವನ ನ್ಯಾಯವನ್ನೂ ವಿಚಾರಿಸುವ ಸಂದರ್ಭ ಒದಗಿತು. 1958ರಲ್ಲಿ ಆತನು ಬರ್ಕೆಟ್ ಪ್ರಭುವಾದನು.

ವೃದ್ಧಾಪ್ಯದಲ್ಲಿ ಆತನು ಮತ್ತೆ ರೇಡಿಯೋಗೆ ಬಂದನು. ಈ ಬಾರಿ ಸ್ವಂತ ಹೆಸರಿನಿಂದ. ಮಾರ್ಷಲ್ ಹಾಲ್, ಎರ್‌ಸ್ಕಿನ್ ಮೊದಲಾದ ಆರು ಮಂದಿ ಮಹಾ ವಕೀಲರನ್ನು ಕುರಿತು ಆತನು ಮಾಡಿದ ಭಾಷಣಗಳು 1961ರಲ್ಲಿ ಪುಸ್ತಕವಾಗಿ ಬಂದುವು. ಮುಖವನ್ನೂ ಹೆಸರನ್ನೂ ಮುಚ್ಚಿಕೊಂಡ ಯುದ್ಧಕಾಲದ ಮಾತಿಗಿಂತ, ತನ್ನ ಗುರುವನ್ನು ಸ್ಮರಿಸುವ ಈ ಮುದುಕನ ಮಾತಿನಲ್ಲಿ ನನಗೆ ಹೆಚ್ಚು ನೆಮ್ಮದಿ ಕಾಣುತ್ತದೆ.

ಕೊನೆಯ ಮಾತನ್ನು ಆತನು ಆಡಿದುದು ರೇಡಿಯೋದಲ್ಲಿ ಅಲ್ಲ. ಎದುರು ಪಕ್ಷದವರು ಕುಳಿತಿದ್ದ ಸಭೆಯಲ್ಲಿ. ಮ್ಯಾಂಚೆಸ್ಟರ್ ನಗರಸಭೆಯವರು ತಮ್ಮ ಊರಿನ ನೀರಿಗಾಗಿ ಆತನ ಹುಟ್ಟುನಾಡಿನ ಕಡೆಯ ಅಲ್ಸ್‌ವಾಟರ್ ಸರೋವರದ ಮೇಲೆ ಕಣ್ಣು ಹಾಕಿದ್ದರು. 1962ರ ಫೆಬ್ರವರಿ 8ರಂದು, ಎಪ್ಪತ್ತೆಂಟರ ವಯಸ್ಸಿನಲ್ಲಿ, ಪ್ರಭುಸಭೆಯಲ್ಲಿ ಎದ್ದುನಿಂತು ಆ ಸರೋವರದ ವಕೀಲನಾಗಿ ಆತನು ವಾದಿಸಿದನು. ಎದುರು ವಾದವೂ ನಡೆಯಿತು. ಸಭೆ 70 ಮತಗಳಿಗೆ 36ರಂತೆ ಸರೋವರದ ಪರವಾಗಿ ತೀರ್ಮಾನಿಸಿತು. ಎರಡು ದಿನಗಳ ತರುವಾಯ ಬರ್ಕೆಟ್ಟನು ಕಾಲವಾದನು. ಆ ಸರೋವರದ ಬಳಿಯ ಒಂದು ಗುಡ್ಡಕ್ಕೆ ಆತನ ಹೆಸರನ್ನಿಟ್ಟಿದ್ದಾರೆ.

ಮಾನ್ಯರೇ, ಈ ಮೂರು ಧ್ವನಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವುದು ಇಷ್ಟು. ಜಾಯ್ಸನಿಗೂ ಫ್ರಿಟ್ಶೆಗೂ ಮಾತಿನ ಶಕ್ತಿ ಕಡಮೆಯಾಗಿರಲಿಲ್ಲ. ಬರ್ಕೆಟ್ಟನು ತಪ್ಪು ಮಾಡದವನೂ ಅಲ್ಲ. ಆತನ ಮಾತಿನಿಂದ ಕೊಲೆಗಾರನೊಬ್ಬನು ಪಾರಾದನು, ತನ್ನನ್ನು ಪ್ರೇಕ್ಷಕನೆಂದು ಕರೆದುಕೊಂಡುದು ಪೂರ್ಣ ನಿಜವೂ ಅಲ್ಲ. ಆದರೆ ಆತನು ಬೆಳೆದುದು, ತನ್ನ ಮಾತು ಮುಗಿದೊಡನೆ ಎದುರಿನವನು ಏಳುತ್ತಾನೆಂಬ ಅರಿವಿನಲ್ಲಿ. ಆ ಅರಿವು ಮಾತಿಗೆ ಅಂಕುಶ. ಅದಿಲ್ಲದ ಕಡೆ ಪಂಡಿತನ ಮಾತೂ ಮದ್ದಾನೆಯಾಗುತ್ತದೆ. ಆದುದರಿಂದ ಪೆಟ್ಟಿಗೆಯೊಳಗಿಂದ ಬರುವ ಯಾವ ಮಾತನ್ನೇ ಆಗಲಿ, ಈಗ ನಾನು ಆಡುತ್ತಿರುವುದನ್ನೂ ಸೇರಿಸಿಕೊಂಡು, ಕೇಳುವಾಗ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ಇದಕ್ಕೆ ಎದುರು ಮಾತನಾಡುವವನಿಗೆ ಎಡೆಯಿದೆಯೇ? ಎಡೆಯಿಲ್ಲದಿದ್ದರೆ ಆ ಕೆಲಸ ನಿಮ್ಮದು. ಮನೆಯಲ್ಲಿ ಕುಳಿತು ಕೇಳುವ ಪ್ರತಿಯೊಬ್ಬರೂ ಜೂರಿಯವರೇ. ಆದರೆ ಎರಡನೆಯ ಪಕ್ಷವನ್ನು ಅವರೇ ಹುಡುಕಿಕೊಂಡು ಹೋಗಿ ಕೇಳಬೇಕು.